ಸ್ಕೋಲಿನ್ನೋ, ರೋಕ್ಯುರೋನಿಯಮ್ಮೋ: ತಲೆಗೆ ಪೆಟ್ಟಾದವರಿಗೆ ಟ್ಯೂಬ್ ಹಾಕುವಾಗ

ನಮ್ಮ ಆಸ್ಪತ್ರೆಗೆ ಹೊಸದಾಗಿ ಸೇರುವ ಕಿರಿಯ ವೈದ್ಯರು ಒಂದಲ್ಲ ಒಂದು ರಾತ್ರಿ ಕೇಳಿಯೇ ಕೇಳುತ್ತಾರೆ: "ಮೇಡಂ, ತಲೆಗೆ ಪೆಟ್ಟಾದವರಿಗೆ ಸ್ಕೋಲಿನ್ ಕೊಡಬಾರದು ಎನ್ನುತ್ತಾರಲ್ಲ, ನಿಜವೇ?" ಶ್ವಾಸನಾಳಕ್ಕೆ ಟ್ಯೂಬ್ ಹಾಕುವ ಮುನ್ನ ಸ್ನಾಯು ಸಡಿಲಿಸಲು ಕೊಡುವ ಔಷಧ ಸ್ಕೋಲಿನ್; ಅದರ ಬದಲಿಗೆ ಕೊಡಬಹುದಾದದ್ದು ರೋಕ್ಯುರೋನಿಯಂ. ಪ್ರಶ್ನೆ ಚಿಕ್ಕದು. ಆದರೆ ರೋಗಿಯ ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದು ನಿಂತಿರುವಾಗ ಅದಕ್ಕೆ ಪೂರ್ತಿ ಉತ್ತರ ಹೇಳಲು ಪುರುಸೊತ್ತಿರುವುದಿಲ್ಲ. ಆಗ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಅರಿವಳಿಕೆ ತಜ್ಞೆ. ಚಿತ್ರದುರ್ಗ ಜಿಲ್ಲೆಯಲ್ಲಿ, ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದಲ್ಲಿ ಕೆಲಸ. ಲಾರಿಗಳು ರಾತ್ರಿಯಿಡೀ ಓಡುವ ರಸ್ತೆ ಅದು. ಹೆಲ್ಮೆಟ್ ಇಲ್ಲದ ಬೈಕ್ ಸವಾರರು, ಟ್ರ್ಯಾಕ್ಟರ್‌ನಿಂದ ಬಿದ್ದವರು, ರಸ್ತೆ ದಾಟುತ್ತಿದ್ದ ವೃದ್ಧರು, ಎಲ್ಲರೂ 108ರಲ್ಲಿ ಮೊದಲು ನಮ್ಮಲ್ಲಿಗೆ ಬರುತ್ತಾರೆ. ನರಶಸ್ತ್ರಚಿಕಿತ್ಸೆ ಬೇಕಾದವರನ್ನು ಮುಂದಕ್ಕೆ ಕಳುಹಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಇಲ್ಲಿಂದ ಸುಮಾರು 200 ಕಿಲೋಮೀಟರ್. ಇಲ್ಲಿಗೆ ಬರುವ ಮುನ್ನ ನಾನು ಬೆಂಗಳೂರಿನ ಒಂದು ನರರೋಗ ಐಸಿಯುವಿನಲ್ಲಿದ್ದೆ. ದೂರದೂರಿನಿಂದ ಟ್ಯೂಬ್ ಹಾಕಿಸಿಕೊಂಡು ಬಂದವರನ್ನು ಇಳಿಸಿಕೊಳ್ಳುವ ಕೆಲಸ ಆಗ ನನ್ನದಾಗಿತ್ತು; ಈಗ ಅಂಥವರನ್ನು ಹತ್ತಿಸಿ ಕಳುಹಿಸುವ ಕೆಲಸ. ಎರಡೂ ತುದಿಯಲ್ಲಿ ನಿಂತು ನೋಡಿದ್ದರಿಂದ ನನಗೊಂದು ಗಟ್ಟಿಯಾದ ಅಭಿಪ್ರಾಯ ಮೂಡಿದೆ. ಸ್ಕೋಲಿನ್ ಮಿದುಳಿನ ಒತ್ತಡ ಹೆಚ್ಚಿಸುತ್ತದೆ ಎಂಬ ಭಯ ಅಗತ್ಯಕ್ಕಿಂತ ದೊಡ್ಡದಾಗಿ ಬೆಳೆದಿದೆ. ರೋಕ್ಯುರೋನಿಯಂ ಕೊಟ್ಟ ಮೇಲೆ ರೋಗಿ ಅಲುಗಾಡದೆ ಮಲಗಿರುವುದರಲ್ಲಿರುವ ಅಪಾಯ ಯಾರ ಕಣ್ಣಿಗೂ ಬೀಳುತ್ತಿಲ್ಲ. ಹೀಗಿದ್ದೂ ನಾನು ಬಹುತೇಕ ಸಲ ಕೈಗೆತ್ತಿಕೊಳ್ಳುವುದು ರೋಕ್ಯುರೋನಿಯಮ್ಮನ್ನೇ. ಅದೇಕೆ ಎಂಬುದನ್ನು ಹೇಳಬೇಕು.

ವೈದ್ಯರಲ್ಲದವರಿಗಾಗಿ ಒಂದೆರಡು ಮಾತು. ತಲೆಗೆ ಜೋರಾದ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದವರ ನಾಲಗೆ ಹಿಂದಕ್ಕೆ ಜಾರುತ್ತದೆ, ರಕ್ತವೋ ವಾಂತಿಯೋ ಶ್ವಾಸಕೋಶಕ್ಕೆ ಇಳಿಯುತ್ತದೆ, ಉಸಿರಾಟ ಲಯ ತಪ್ಪುತ್ತದೆ. ಪ್ರಜ್ಞೆಯ ಮಟ್ಟವನ್ನು ನಾವು ಗ್ಲಾಸ್ಗೋ ಕೋಮಾ ಸ್ಕೇಲ್‌ನಲ್ಲಿ ಅಳೆಯುತ್ತೇವೆ. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಈ ಅಳತೆಯಲ್ಲಿ 15 ಅಂದರೆ ಪೂರ್ಣ ಎಚ್ಚರ, 3 ಅಂದರೆ ಏನೂ ಇಲ್ಲ. 8 ಅಥವಾ ಅದಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ ಗಂಟಲಿನ ಮೂಲಕ ಶ್ವಾಸನಾಳಕ್ಕೆ ಟ್ಯೂಬ್ ಹಾಕುತ್ತೇವೆ. ಪ್ರಜ್ಞೆ ತಪ್ಪಿದವರು ಸುಮ್ಮನೆ ಬಾಯಿ ತೆರೆದು ಕೊಡುತ್ತಾರೆ ಎಂದುಕೊಳ್ಳಬೇಡಿ. ಹಲ್ಲು ಕಚ್ಚುತ್ತಾರೆ, ಕೆಮ್ಮುತ್ತಾರೆ, ಕೈ ಬೀಸುತ್ತಾರೆ. ಹಾಗಾಗಿ ಮೊದಲು ನಿದ್ದೆಯ ಔಷಧ, ಅದರ ಬೆನ್ನಿಗೇ ಸ್ನಾಯುಗಳನ್ನು ಪೂರ್ತಿ ಸಡಿಲಿಸುವ ಔಷಧ. ಸ್ಕೋಲಿನ್ ಮತ್ತು ರೋಕ್ಯುರೋನಿಯಂ ಈ ಎರಡನೆಯ ಗುಂಪಿನವು. ಇವನ್ನು ಕೊಟ್ಟ ಮೇಲೆ ಉಸಿರಾಟವೂ ನಿಲ್ಲುತ್ತದೆ. ಅಲ್ಲಿಂದ ಮುಂದೆ ಆ ಜೀವದ ಉಸಿರು ನಮ್ಮ ಕೈಯಲ್ಲಿ.

ಸ್ಕೋಲಿನ್ ಎಂದು ನಾವೆಲ್ಲ ಕರೆಯುವುದು ಸಕ್ಸಿನೈಲ್‌ಕೋಲಿನ್ ಅನ್ನು. ಕಿಲೋಗೆ 1.5 ಮಿಲಿಗ್ರಾಂ ಕೊಟ್ಟರೆ ಮುಕ್ಕಾಲು ನಿಮಿಷದಿಂದ ಒಂದು ನಿಮಿಷದೊಳಗೆ ಕೆಲಸ ಮಾಡುತ್ತದೆ. ಮೊದಲು ಕಣ್ಣುರೆಪ್ಪೆ ಅದುರುತ್ತದೆ, ಆಮೇಲೆ ಕೆನ್ನೆ, ಕತ್ತು, ಎದೆ, ಕೊನೆಗೆ ಪಾದದ ಬೆರಳುಗಳು. ಚರ್ಮದ ಕೆಳಗೆ ಅಲೆಯೊಂದು ಹರಿದು ಹೋದ ಹಾಗೆ. ಅದು ನಿಂತಿತೆಂದರೆ ಗಂಟಲು ತೋರಿಸುವ ಲಾರಿಂಗೋಸ್ಕೋಪ್ ಬಾಯಿಗೆ ಇಡಬಹುದು. ಐದರಿಂದ ಹತ್ತು ನಿಮಿಷಕ್ಕೆ ಔಷಧದ ಪ್ರಭಾವ ಇಳಿದಿರುತ್ತದೆ. ಈ ಅದುರುವಿಕೆಯಿಂದಲೇ ತಲೆಬುರುಡೆಯೊಳಗಿನ ಒತ್ತಡ ಏರುತ್ತದೆ ಎಂಬ ಮಾತು ಹುಟ್ಟಿದ್ದು. ಮಿದುಳಿನ ಗೆಡ್ಡೆಯಿದ್ದವರಲ್ಲಿ ಸ್ವಲ್ಪ ಹೊತ್ತು ಒತ್ತಡ ಏರಿದ್ದನ್ನು 1980ರ ದಶಕದ ಅಧ್ಯಯನ ತೋರಿಸಿತ್ತು. ಆದರೆ 1994ರಲ್ಲಿ ಕೊವಾರಿಕ್ ಮತ್ತು ಸಂಗಡಿಗರು ಐಸಿಯುವಿನಲ್ಲಿ ವೆಂಟಿಲೇಟರ್ ಮೇಲಿದ್ದ, ಮಿದುಳಿಗೆ ಹಾನಿಯಾಗಿದ್ದ ಹತ್ತು ಮಂದಿಗೆ ಸ್ಕೋಲಿನ್ ಕೊಟ್ಟು ಒತ್ತಡ ಅಳೆದಾಗ ಏರಿಕೆ ಕಾಣಲಿಲ್ಲ. ಹತ್ತೇ ಮಂದಿ, ಒಪ್ಪಿದೆ. ಆದರೂ ದಿನನಿತ್ಯ ಕಾಣುವುದರೊಂದಿಗೆ ಅದು ಹೊಂದುತ್ತದೆ. ಸರಿಯಾಗಿ ಸಡಿಲಗೊಳ್ಳದ ರೋಗಿ ಟ್ಯೂಬ್‌ಗೆ ಒಮ್ಮೆ ಬಲವಾಗಿ ಕೆಮ್ಮಿದರೆ ಒತ್ತಡ ಏರುವುದು ಸ್ಕೋಲಿನ್‌ನಿಂದ ಏರುವುದಕ್ಕಿಂತ ಹೆಚ್ಚು. ಸ್ಕೋಲಿನ್‌ಗೆ ಹೆದರಿ ಅರೆಬರೆ ಪ್ರಮಾಣದಲ್ಲಿ ಬೇರೆ ಔಷಧ ಕೊಟ್ಟು, ಹೆಣಗಾಡಿ ಟ್ಯೂಬ್ ತಳ್ಳಿದರೆ ತಪ್ಪಿಸಲು ಹೊರಟದ್ದನ್ನೇ ಮಾಡಿದಂತಾಯಿತು.

2016ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನವನ್ನು ಕಿರಿಯರು ನನ್ನ ಮುಂದೆ ಹಿಡಿಯುತ್ತಾರೆ. 233 ಮಂದಿಯ ಹಳೆಯ ದಾಖಲೆಗಳನ್ನು ತಿರುವಿ ನೋಡಿದಾಗ, ಮಿದುಳಿಗೆ ತೀವ್ರ ಪೆಟ್ಟಾಗಿದ್ದವರಲ್ಲಿ ಸ್ಕೋಲಿನ್ ಪಡೆದವರ ಪೈಕಿ ಶೇ. 44 ಮಂದಿ, ರೋಕ್ಯುರೋನಿಯಂ ಪಡೆದವರ ಪೈಕಿ ಶೇ. 23 ಮಂದಿ ತೀರಿಕೊಂಡಿದ್ದರು. ಅಂಕಿಗಳು ಎದೆ ನಡುಗಿಸುವಂತಿವೆ. ಆದರೆ ಯಾವ ರೋಗಿಗೆ ಯಾವ ಔಷಧ ಎಂಬುದನ್ನು ಅಲ್ಲಿ ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ಆಯಾ ವೈದ್ಯರು ಆಯಾ ಹೊತ್ತಿನಲ್ಲಿ ಆರಿಸಿಕೊಂಡದ್ದು. ಅಂಥ ಅಧ್ಯಯನ ಅನುಮಾನ ಹುಟ್ಟಿಸಬಹುದು, ತೀರ್ಪು ಕೊಡಲಾರದು. ನನ್ನ ಆಯ್ಕೆ ಅದರ ಮೇಲೆ ನಿಂತಿಲ್ಲ. ಇನ್ನೊಂದು ಕಡೆ, ಫ್ರಾನ್ಸ್‌ನಲ್ಲಿ ಆಸ್ಪತ್ರೆಯ ಹೊರಗೆ ಟ್ಯೂಬ್ ಹಾಕಿಸಿಕೊಂಡ 1,248 ಮಂದಿಯ ಮೇಲೆ ಚೀಟಿ ಎತ್ತಿಯೇ ನಡೆಸಿದ ಅಧ್ಯಯನ 2019ರಲ್ಲಿ ಬಂತು. ಮೊದಲ ಯತ್ನದಲ್ಲೇ ಟ್ಯೂಬ್ ಕೂತದ್ದು ಸ್ಕೋಲಿನ್‌ನಲ್ಲಿ ಶೇ. 79.4, ರೋಕ್ಯುರೋನಿಯಂನಲ್ಲಿ ಶೇ. 74.6. ಸ್ಕೋಲಿನ್‌ಗೆ ರೋಕ್ಯುರೋನಿಯಂ ಕಡಿಮೆಯಿಲ್ಲ ಎಂದು ಸಾಧಿಸಲು ಹೊರಟ ಆ ಅಧ್ಯಯನಕ್ಕೆ ಅದನ್ನು ಸಾಧಿಸಲು ಆಗಲಿಲ್ಲ. ಇದನ್ನೂ ಮರೆಯಬಾರದು.

ಹಾಗಾದರೆ ಮಿದುಳನ್ನು ನಿಜವಾಗಿ ಕೆಡಿಸುವುದು ಯಾವುದು? ಕುಸಿದ ರಕ್ತದೊತ್ತಡ, ಸಾಲದ ಆಮ್ಲಜನಕ. ಚೆಸ್‌ನಟ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ತೀವ್ರವಾಗಿ ತಲೆಗೆ ಪೆಟ್ಟಾದವರಲ್ಲಿ ಸಿಸ್ಟಾಲಿಕ್ (ಮೇಲಿನ) ಬಿ.ಪಿ. ಒಂದೇ ಒಂದು ಸಲ 90ಕ್ಕಿಂತ ಕೆಳಗಿಳಿದಿದ್ದರೂ ಸಾವಿನ ಪ್ರಮಾಣ ಸರಿಸುಮಾರು ದ್ವಿಗುಣವಾಗಿತ್ತು. ಊದಿಕೊಂಡ ಮಿದುಳಿಗೆ ರಕ್ತ ಹೋಗಬೇಕಾದರೆ ತಲೆಬುರುಡೆಯೊಳಗಿನ ಒತ್ತಡವನ್ನು ಮೀರಿಸುವ ಒತ್ತಡ ರಕ್ತನಾಳದಲ್ಲಿರಬೇಕು. ನಿದ್ದೆಯ ಔಷಧವಾದ ಪ್ರೊಪೊಫೋಲ್ ಅನ್ನು ಧಾರಾಳವಾಗಿ ಕೊಟ್ಟು ಬಿ.ಪಿ. 70ಕ್ಕೆ ಇಳಿಸಿದ ಮೇಲೆ, ಸ್ಕೋಲಿನ್ ಒಂದೆರಡು ಅಂಕಿ ಒತ್ತಡ ಏರಿಸಿತೋ ಇಲ್ಲವೋ ಎಂದು ಚರ್ಚಿಸಿ ಏನು ಪ್ರಯೋಜನ? ಹೀಗಾಗಿ ನನ್ನನ್ನು ಯಾರಾದರೂ ಔಷಧದ ಬಗ್ಗೆ ಕೇಳಿದರೆ ನಾನು ತಿರುಗಿ ಕೇಳುವುದು ಇಷ್ಟು: ಬಿ.ಪಿ. ಎಷ್ಟು? ಸ್ಯಾಚುರೇಷನ್, ಅಂದರೆ ರಕ್ತದ ಆಮ್ಲಜನಕ, ಎಷ್ಟು? ಎರಡನೇ ಐ.ವಿ. ಲೈನ್ ಇದೆಯೇ? ಬಿ.ಪಿ. ಏರಿಸುವ ನಾರ್‌ಅಡ್ರಿನಲಿನ್ ಸಿದ್ಧವಿದೆಯೇ? ಬಿ.ಪಿ. ಕಡಿಮೆಯಿದ್ದವರಿಗೆ ಕೆಟಮಿನ್ ಅಥವಾ ಎಟೊಮಿಡೇಟ್ ಎಂಬ ನಿದ್ದೆಯ ಔಷಧವನ್ನು ತಗ್ಗಿಸಿದ ಪ್ರಮಾಣದಲ್ಲಿ ಕೊಡುತ್ತೇನೆ. ತಲೆಗೆ ಪೆಟ್ಟಾದವರಿಗೆ ಕೆಟಮಿನ್ ನಿಷಿದ್ಧ ಎಂದು ನಮಗೆ ಕಲಿಸಿದ್ದ ಕಾಲ ದಾಟಿದೆ.

ಸಡಿಲಿಸುವ ಔಷಧದ ಪ್ರಮಾಣ ಮಾತ್ರ ತಗ್ಗಿಸಬಾರದು. ಬಿ.ಪಿ. ಕುಸಿದವರಲ್ಲಿ ರಕ್ತ ನಿಧಾನವಾಗಿ ಓಡುವುದರಿಂದ ಔಷಧ ಸ್ನಾಯುವನ್ನು ತಲುಪುವುದೂ ತಡ. ನಮ್ಮ ಕಡೆ ಹೆಚ್ಚು ಎಡವುವುದು ಇಲ್ಲಿಯೇ. ರೋಕ್ಯುರೋನಿಯಂ ಬರುವುದು 5 ಎಂ.ಎಲ್. ವಯಲ್‌ನಲ್ಲಿ, ಅದರಲ್ಲಿರುವುದು 50 ಮಿಲಿಗ್ರಾಂ. ತುರ್ತಿಗೆ ಬೇಕಾದದ್ದು ಕಿಲೋಗೆ 1.2 ಮಿಲಿಗ್ರಾಂ, ಅಂದರೆ 60 ಕಿಲೋ ತೂಕದವರಿಗೆ 72. ವಯಲ್ ಎರಡು ಬೇಕು. ಸಿಸ್ಟರ್ ಒಂದು ತೆಗೆದುಕೊಡುತ್ತಾರೆ, ವೈದ್ಯರು ಅಷ್ಟನ್ನೂ ಕೊಟ್ಟು ಮೂವತ್ತು ಸೆಕೆಂಡಿಗೇ ಬಾಯಿ ತೆರೆಯುತ್ತಾರೆ, ರೋಗಿ ಕೆಮ್ಮುತ್ತಾನೆ, "ರೋಕ್ಯುರೋನಿಯಂ ಸರಿಯಾಗಿ ಕೆಲಸ ಮಾಡುವುದಿಲ್ಲ ಮೇಡಂ" ಎಂಬ ದೂರು ಬರುತ್ತದೆ. ಪೂರ್ತಿ ಪ್ರಮಾಣ ಕೊಟ್ಟು ಗಡಿಯಾರ ನೋಡಿಕೊಂಡು ಪೂರ್ತಿ ಅರವತ್ತು ಸೆಕೆಂಡು ಕಾದರೆ ಸ್ಕೋಲಿನ್‌ಗೂ ಇದಕ್ಕೂ ಬಾಯೊಳಗೆ ವ್ಯತ್ಯಾಸ ಕಾಣುವುದು ಅಪರೂಪ. ನಮ್ಮ ಎಮರ್ಜೆನ್ಸಿಯ ಫ್ರಿಜ್‌ನಲ್ಲಿ ಈಗ ಎರಡೆರಡು ವಯಲ್‌ಗಳನ್ನು ರಬ್ಬರ್ ಬ್ಯಾಂಡ್ ಸುತ್ತಿ ಜೋಡಿಯಾಗಿ ಇಟ್ಟಿರುತ್ತೇವೆ.

ರೋಕ್ಯುರೋನಿಯಮ್ಮನ್ನೇ ಆರಿಸಲು ನನಗಿರುವ ಮೊದಲ ಕಾರಣ ರಾತ್ರಿಯ ಸ್ಥಿತಿ. ರೋಗಿಯ ಜೊತೆ ಬಂದವರು ದಾರಿಹೋಕರು. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಹಿಂದೆ ಯಾವ ಕಾಯಿಲೆಯಿತ್ತು ಎಂದು ಹೇಳುವವರಿಲ್ಲ. ಸ್ಕೋಲಿನ್ ಎಂಬುದು ರೋಗಿಯ ಹಿನ್ನೆಲೆ ತಿಳಿದು ಕೊಡಬೇಕಾದ ಔಷಧ. ರಕ್ತದಲ್ಲಿರುವ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ಒಡೆಯುತ್ತದೆ. ಈ ಕಿಣ್ವದ ಕೊರತೆ ದಕ್ಷಿಣ ಭಾರತದ ಆರ್ಯ ವೈಶ್ಯ ಸಮುದಾಯದಲ್ಲಿ ಬೇರೆಡೆಗಿಂತ ಹೆಚ್ಚು. ಅದಕ್ಕೆ ಕಾರಣವಾದ ಜೀನ್ ಬದಲಾವಣೆಯನ್ನು 2006ರಲ್ಲಿ ವರದಿ ಮಾಡಲಾಯಿತು. ಇದು ರೋಗವಲ್ಲ. ಅವರು ಎಲ್ಲರಂತೆ ಆರೋಗ್ಯವಾಗಿಯೇ ಇರುತ್ತಾರೆ, ಸ್ಕೋಲಿನ್ ಕೊಟ್ಟಾಗ ಮಾತ್ರ ಹತ್ತು ನಿಮಿಷದ ಔಷಧ ಗಂಟೆಗಟ್ಟಲೆ ಉಳಿಯುತ್ತದೆ. ಆಪರೇಷನ್‌ಗೆ ಮುಂಚೆ ಇದನ್ನು ಕೇಳಿ ತಿಳಿದುಕೊಳ್ಳುವುದು ನಮ್ಮ ಕಡೆಯ ಅರಿವಳಿಕೆ ವೈದ್ಯರ ರೂಢಿ. ಹೆದ್ದಾರಿಯಿಂದ ಎತ್ತಿ ತಂದವನನ್ನು ಹೇಗೆ ಕೇಳುವುದು? ಹೊಲದಲ್ಲಿ ಔಷಧಿ ಹೊಡೆದು ಬಂದವರ ಅಥವಾ ಕೀಟನಾಶಕ ಕುಡಿದು ಬಿದ್ದವರ ಕಥೆಯೂ ಇದೇ. ಅಂಥ ಕೀಟನಾಶಕಗಳಲ್ಲಿರುವ ಆರ್ಗನೊಫಾಸ್ಫೇಟ್ ಅದೇ ಕಿಣ್ವವನ್ನು ಕಟ್ಟಿಹಾಕುತ್ತದೆ. ತಲೆಗೆ ಪೆಟ್ಟಾದವರು ಹೇಗಿದ್ದರೂ ವೆಂಟಿಲೇಟರ್ ಮೇಲೆಯೇ ಇರುತ್ತಾರಲ್ಲ, ಔಷಧ ಉಳಿದರೆ ಏನಾಯಿತು ಎನ್ನಬಹುದು. ಪ್ರಾಣಕ್ಕೆ ಅಪಾಯವಿಲ್ಲ, ನಿಜ. ಆದರೆ ಹತ್ತು ನಿಮಿಷಕ್ಕೆ ಇಳಿದಿದೆ ಎಂದು ನಂಬಿಕೊಂಡು ಅಲುಗಾಡದ ಕೈಕಾಲು ಕಂಡವರು ಮಿದುಳೇ ಸತ್ತಿದೆ ಎಂದು ತಪ್ಪು ತಿಳಿಯುವ ಅಪಾಯ ಇದ್ದೇ ಇದೆ.

ಎರಡನೆಯ ಕಾರಣ ರಸ್ತೆ. ಮುಂದಿನ ಮೂರು ನಾಲ್ಕು ಗಂಟೆ ಆ್ಯಂಬುಲೆನ್ಸ್‌ನಲ್ಲಿ ರೋಗಿ ಕೆಮ್ಮಬಾರದು, ಟ್ಯೂಬ್ ಕಚ್ಚಬಾರದು. ಸಿ.ಟಿ. ಸ್ಕ್ಯಾನ್ ಟೇಬಲ್ ಮೇಲೆ ಒದ್ದಾಡಬಾರದು. ರೋಕ್ಯುರೋನಿಯಂ ಆ ಪ್ರಮಾಣದಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಕೆಲವರಲ್ಲಿ ಇನ್ನೂ ಹೆಚ್ಚು ಹೊತ್ತು ಇರುತ್ತದೆ. ಸ್ಕ್ಯಾನ್ ಮುಗಿಸಿ ಗಾಡಿ ಹತ್ತಿಸುವವರೆಗೆ ಸಾಕು.

ಇನ್ನು ಆ ನಿಶ್ಚಲತೆಯ ಅಪಾಯ. ಇದನ್ನು ಹೇಳುವ ಸಲುವಾಗಿಯೇ ಬರೆಯಲು ಕುಳಿತದ್ದು.

ಬೆಂಗಳೂರಿನ ಆ ಐಸಿಯುವಿನಲ್ಲಿದ್ದಾಗ ಒಂದು ಬೆಳಗಿನ ಜಾವ ಒಬ್ಬ ಯುವಕನನ್ನು ಇಳಿಸಿಕೊಂಡೆವು. ಬೇರೆ ಜಿಲ್ಲೆಯ ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿ ಕಳುಹಿಸಿದ್ದರು. ನೋಡಲು ಎಲ್ಲ ಸರಿಯಿತ್ತು; ಟ್ಯೂಬ್ ಭದ್ರ, ಸ್ಯಾಚುರೇಷನ್ 99, ಕೈಕಾಲು ಅಲುಗದೆ ಮಲಗಿದ್ದ. "ದಾರಿಯುದ್ದಕ್ಕೂ ಶಾಂತವಾಗಿದ್ದ ಮೇಡಂ" ಎಂದರು ಜೊತೆಗೆ ಬಂದವರು. ಹೃದಯ ಬಡಿತ 148 ಇತ್ತು, ಬಿ.ಪಿ. 190. ಹಣೆಯಲ್ಲಿ ಬೆವರು. ಎರಡೂ ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಯ ಬಳಿ ಹತ್ತಿಯ ಪಟ್ಟಿಯನ್ನು ನೆನೆಸಿತ್ತು. ರೆಫರಲ್ ಹಾಳೆ ನೋಡಿದೆ. ಟ್ಯೂಬ್ ಹಾಕುವಾಗ ಒಂದು ಡೋಸ್ ಕೆಟಮಿನ್. ಆಮೇಲೆ ದಾರಿಯಲ್ಲಿ ರೋಕ್ಯುರೋನಿಯಂನಂತೆಯೇ ಸ್ನಾಯು ಸಡಿಲಿಸುವ ವೆಕ್ಯುರೋನಿಯಂ ಎರಡು ಸಲ. ನಿದ್ದೆಗೆ, ನೋವಿಗೆ ಏನೂ ಇಲ್ಲ. ಕೆಟಮಿನ್ ಹತ್ತು ಇಪ್ಪತ್ತು ನಿಮಿಷಕ್ಕೆ ಇಳಿದುಹೋಗುತ್ತದೆ. ಅಲ್ಲಿಂದಾಚೆಗೆ ಅವನು ಎಷ್ಟು ಎಚ್ಚರವಾಗಿದ್ದನೋ, ಕಿವಿಗೆ ಏನೇನು ಬಿದ್ದಿತೋ, ಟ್ಯೂಬ್ ಗಂಟಲನ್ನು ಎಷ್ಟು ಕೊರೆಯಿತೋ, ಹೇಳಲು ಅವನ ಒಂದು ಬೆರಳಿಗೂ ಶಕ್ತಿಯಿರಲಿಲ್ಲ. ಸಿಸ್ಟರ್ ನೋವಿಗೆ ಫೆಂಟಾನಿಲ್ ಕೊಟ್ಟು, ನಿದ್ದೆಗೆ ಮಿಡಜೋಲಾಂ ಶುರು ಮಾಡಿದರು. ಹತ್ತು ನಿಮಿಷದಲ್ಲಿ ಬಡಿತ 96ಕ್ಕೆ ಬಂತು.

ಪೆಟ್ಟಾದ ಮಿದುಳಿಗೆ ಆ ಬಿ.ಪಿ., ಆ ಯಾತನೆ ಎಲ್ಲವೂ ಕೇಡು. ಅದಕ್ಕಿಂತ ಮೊದಲು ಅದು ಮನುಷ್ಯನೊಬ್ಬನಿಗೆ ಆಗಬಾರದ ಹಿಂಸೆ. ಸ್ಕೋಲಿನ್ ಕೊಟ್ಟಿದ್ದರೆ ಹತ್ತು ನಿಮಿಷಕ್ಕೆ ಕೈಕಾಲು ಆಡಿಸಿ ತಾನೇ ತಿಳಿಸುತ್ತಿದ್ದ, ಯಾರಾದರೂ ನಿದ್ದೆಯ ಔಷಧ ಕೊಡುತ್ತಿದ್ದರು. ಉದ್ದ ಕಾಲ ಉಳಿಯುವ ಔಷಧ ಆ ಸೂಚನೆಯನ್ನೇ ಅಳಿಸಿಬಿಡುತ್ತದೆ. ಹಾಗಾಗಿ ನನ್ನ ಹಟ ಏನೆಂದರೆ, ರೋಕ್ಯುರೋನಿಯಂ ಸಿರಿಂಜ್ ತುಂಬುವ ಮೊದಲು ಮಿಡಜೋಲಾಂ ಅಥವಾ ಪ್ರೊಪೊಫೋಲ್ ಇನ್ಫ್ಯೂಷನ್ ಪಂಪ್‌ಗೆ ಏರಿರಬೇಕು, ಫೆಂಟಾನಿಲ್ ಪಕ್ಕದಲ್ಲಿರಬೇಕು. ಟ್ಯೂಬ್ ಕೂತ ತಕ್ಷಣ ಪಂಪ್ ಚಾಲೂ. ಆಮೇಲೆ ನೋಡೋಣ ಎಂದು ಬಿಟ್ಟರೆ ಸ್ಕ್ಯಾನ್, ಸಹಿ, ಪೊಲೀಸ್ ಮಾಹಿತಿ, ಆ್ಯಂಬುಲೆನ್ಸ್ ಚಾಲಕನ ಕರೆ ಇವುಗಳ ನಡುವೆ ಅದು ಖಂಡಿತ ಮರೆತುಹೋಗುತ್ತದೆ. ಪಂಪ್ ಇಲ್ಲದ ಕಡೆ ಗಡಿಯಾರ ನೋಡಿ ಸ್ವಲ್ಪ ಸ್ವಲ್ಪವೇ ಕೊಡುತ್ತಿರಬೇಕು, ಬಿ.ಪಿ. ಗಮನಿಸುತ್ತ. ದಾರಿಯಲ್ಲಿ ಸಡಿಲಿಸುವ ಔಷಧವನ್ನು ಮತ್ತೊಮ್ಮೆ ಕೊಡುವ ಮುನ್ನ ಮೊದಲು ನಿದ್ದೆ, ನೋವಿನ ಔಷಧ ಸಾಕಷ್ಟಿದೆಯೇ ಎಂದು ಕೇಳಿಕೊಳ್ಳಬೇಕು. ಅವು ಸಾಕಷ್ಟಿದ್ದರೆ ಬಹಳ ಸಲ ಮತ್ತೆ ಸಡಿಲಿಸುವ ಅಗತ್ಯವೇ ಬೀಳುವುದಿಲ್ಲ.

ಇದೇ ನಿಶ್ಚಲತೆ ನರಶಸ್ತ್ರಚಿಕಿತ್ಸಕರಿಂದಲೂ ಒಂದು ವಸ್ತುವನ್ನು ಕಿತ್ತುಕೊಳ್ಳುತ್ತದೆ: ಪರೀಕ್ಷೆ. ಬಲಗೈ ಆಡುತ್ತಿತ್ತೇ, ಎಡಗಾಲು ಎಳೆದುಕೊಳ್ಳುತ್ತಿದ್ದನೇ, ನೋವಿಗೆ ಕೈ ಮಡಚುತ್ತಿದ್ದನೇ ಚಾಚುತ್ತಿದ್ದನೇ ಎಂಬುದು ಆಪರೇಷನ್‌ನ ನಿರ್ಧಾರವನ್ನೇ ಬದಲಿಸಬಲ್ಲದು. ಔಷಧ ಒಳಗೆ ಹೋದ ಮೇಲೆ ಅದನ್ನು ನೋಡಲು ಬರುವುದಿಲ್ಲ. ಅರ್ಧ ನಿಮಿಷದ ಕೆಲಸ. ಕಣ್ಣು, ಮಾತು, ಚಲನೆ ಮೂರರ ಅಂಕಗಳನ್ನು ಬೇರೆ ಬೇರೆಯಾಗಿ ಬರೆಯಬೇಕು, ಒಟ್ಟು 7 ಎಂದು ಗೀಚಿದರೆ ಪ್ರಯೋಜನವಿಲ್ಲ. ಎರಡೂ ಪಾಪೆಗಳ ಗಾತ್ರ, ಬೆಳಕಿಗೆ ಕುಗ್ಗುತ್ತವೆಯೇ, ನಾಲ್ಕೂ ಕೈಕಾಲುಗಳ ಚಲನೆ, ಜೊತೆಗೆ ಸಮಯ. ಸಡಿಲಿಸುವ ಔಷಧಗಳು ಪಾಪೆಯನ್ನು ಮುಟ್ಟುವುದಿಲ್ಲ, ಏಕೆಂದರೆ ಪಾಪೆಯನ್ನು ಆಡಿಸುವುದು ಬೇರೆ ಬಗೆಯ ಸ್ನಾಯು. ಹಾಗಾಗಿ ದಾರಿಯಲ್ಲಿ ಟಾರ್ಚ್ ಹಿಡಿದು ಕಾಲು ಗಂಟೆಗೊಮ್ಮೆ ಕಣ್ಣು ನೋಡುವುದನ್ನು ಬಿಡಬಾರದು. ಒಂದು ಪಾಪೆ ಹಿಗ್ಗಿದರೆ ಅದು ಮಿದುಳಿನ ಕೂಗು, ಔಷಧದ ಪರಿಣಾಮವಲ್ಲ. ಹಠಾತ್ತನೆ ಏರುವ ಬಡಿತ ಫಿಟ್ಸ್ ಕೂಡ ಆಗಿರಬಹುದು; ಸಡಿಲಗೊಂಡ ಮೈಯಲ್ಲಿ ಸೆಳೆತ ಕಾಣುವುದಿಲ್ಲ, ಮಿದುಳಿನಲ್ಲಿ ಮಾತ್ರ ನಡೆಯುತ್ತಿರುತ್ತದೆ.

ವೆಕ್ಯುರೋನಿಯಂ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಪುಡಿಯಾಗಿ ಬರುತ್ತದೆ, ಫ್ರಿಜ್ ಬೇಡ, ಎಲ್ಲೆಡೆ ಸಿಗುತ್ತದೆ. ಆದರೆ ಸಾಮಾನ್ಯ ಪ್ರಮಾಣದಲ್ಲಿ ಕೆಲಸ ಶುರುವಾಗಲು ಎರಡು ಮೂರು ನಿಮಿಷ ಬೇಕು. ಉಸಿರು ನಿಂತ ಮೊದಲ ನಿಮಿಷದಲ್ಲೇ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಗಣನೀಯವಾಗಿ ಏರಿ ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ, ಒತ್ತಡ ಏರುತ್ತದೆ. ಹೊಟ್ಟೆ ತುಂಬಿದವರಿಗೆ ಅಷ್ಟು ಹೊತ್ತು ಗಾಳಿ ಕೊಡುವ ಅಂಬು ಬ್ಯಾಗ್ ಒತ್ತಿದರೆ ವಾಂತಿ. ತುರ್ತು ಇಂಟ್ಯುಬೇಷನ್‌ಗೆ ಅದು ನನ್ನ ಪಟ್ಟಿಯಲ್ಲಿಲ್ಲ. ಅದೇ ಗುಂಪಿನ ಅಟ್ರಾಕ್ಯೂರಿಯಂ ಬಿ.ಪಿ. ಇಳಿಸಬಲ್ಲದು, ಅದೂ ಇಲ್ಲ.

"ಟ್ಯೂಬ್ ಹಾಕಲು ಆಗದಿದ್ದರೆ ಸ್ಕೋಲಿನ್ ಬೇಗ ಇಳಿಯುತ್ತದಲ್ಲ ಮೇಡಂ, ಅದೇ ಸುರಕ್ಷಿತವಲ್ಲವೇ?" ಎಂದೂ ಕೇಳುತ್ತಾರೆ. ಗಾಯಗೊಂಡ ಮಿದುಳು ಅಷ್ಟು ನಿಮಿಷ ಆಮ್ಲಜನಕವಿಲ್ಲದೆ ಕಾಯುವುದಿಲ್ಲ. ಔಷಧ ಇಳಿದರೂ ಮೊದಲಿದ್ದ ಕೆಟ್ಟ ಉಸಿರಾಟವೇ ಮರಳಿ ಬರುತ್ತದೆ, ಟ್ಯೂಬ್ ಬೇಕೆಂದದ್ದು ಅದಕ್ಕಾಗಿಯೇ ಅಲ್ಲವೇ? ರೋಕ್ಯುರೋನಿಯಮ್ಮನ್ನು ತಕ್ಷಣ ಇಳಿಸುವ ಸುಗಮಡೆಕ್ಸ್ ಇದೆ. ಕಿಲೋಗೆ 16 ಮಿಲಿಗ್ರಾಂ, 60 ಕಿಲೋದವರಿಗೆ 200 ಮಿಲಿಗ್ರಾಂನ ಐದು ವಯಲ್. ನಮ್ಮಂಥ ಕಡೆ ಅಷ್ಟು ದುಬಾರಿ ಔಷಧವನ್ನು ದಾಸ್ತಾನು ಇಡುವುದು ದೂರದ ಮಾತು, ಮತ್ತು ಅದೂ ಉಸಿರಿನ ದಾರಿಯನ್ನು ತೆರೆದುಕೊಡುವುದಿಲ್ಲ. ಟ್ಯೂಬ್‌ಗೆ ದಾರಿ ತೋರುವ ಬೂಜಿ ಕಡ್ಡಿ, ಗಂಟಲಲ್ಲಿ ಕೂತು ಗಾಳಿ ಕೊಡುವ ಎಲ್‌ಎಂಎ, ಚೆನ್ನಾಗಿ ಎಳೆಯುವ ಸಕ್ಷನ್, ಕತ್ತನ್ನು ಅಲುಗದಂತೆ ಹಿಡಿಯಲು ಇನ್ನೊಬ್ಬರು, ಕೊನೆಗೆ ಕತ್ತಿನ ಮುಂಭಾಗದಲ್ಲಿ ದಾರಿ ಮಾಡಲು ಬ್ಲೇಡ್. ಇವು ಕೈಗೆ ಸಿಗುವಂತಿರಬೇಕು.

ಸ್ಕೋಲಿನ್ ಅನ್ನು ನಾನು ಬಿಟ್ಟಿಲ್ಲ. ನರಶಸ್ತ್ರಚಿಕಿತ್ಸಕರು ಅದೇ ಕಟ್ಟಡದಲ್ಲಿದ್ದು ಹದಿನೈದು ನಿಮಿಷದಲ್ಲಿ ಬಂದು ಕೈಕಾಲು ನೋಡುತ್ತಾರೆಂದಾದರೆ, ರೋಗಿಯ ಹಿನ್ನೆಲೆ ಹೇಳಲು ಮನೆಯವರಿದ್ದರೆ, ಫಿಟ್ಸ್ ನಿಂತಿದೆಯೇ ಎಂದು ಬೇಗ ತಿಳಿಯಬೇಕಾದರೆ ಅದನ್ನೇ ಕೊಡುತ್ತೇನೆ, ಹಿಂಜರಿಕೆಯಿಲ್ಲದೆ. ಪೆಟ್ಟಾದ ಮೊದಲ ಗಂಟೆಗಳಲ್ಲಿ ಅದು ರಕ್ತದ ಪೊಟ್ಯಾಸಿಯಂ ಏರಿಸುವುದು ಸಾಮಾನ್ಯವಾಗಿ ಲೀಟರಿಗೆ 0.5 ಮಿಲಿಮೋಲ್ ಆಸುಪಾಸು ಮಾತ್ರ, ತಡೆದುಕೊಳ್ಳಬಹುದು. ಆದರೆ ಅದೇ ರೋಗಿ ಐಸಿಯುವಿನಲ್ಲಿ ದಿನಗಟ್ಟಲೆ ಅಲುಗಾಡದೆ ಮಲಗಿ, ಅಥವಾ ಒಂದು ಪಕ್ಕ ಸ್ವಾಧೀನ ತಪ್ಪಿ, ಎರಡನೇ ವಾರ ಟ್ಯೂಬ್ ತಾನೇ ಕಿತ್ತುಕೊಂಡನೆಂದು ಇಟ್ಟುಕೊಳ್ಳಿ. ಆಗ ಅವನ ಸ್ನಾಯುಗಳು ಬೇರೆಯೇ ಆಗಿರುತ್ತವೆ. ಸ್ಕೋಲಿನ್ ಬಿದ್ದರೆ ಪೊಟ್ಯಾಸಿಯಂ ಹೃದಯ ನಿಲ್ಲುವಷ್ಟು ಏರಬಲ್ಲದು. ಮೊದಲ ರಾತ್ರಿ ಸ್ಕೋಲಿನ್‌ನಲ್ಲಿ ಸುಲಭವಾಗಿ ಟ್ಯೂಬ್ ಹಾಕಿದ್ದರು ಎಂದು ಫೈಲ್‌ನಲ್ಲಿ ಬರೆದಿರುತ್ತದೆ, ಡ್ಯೂಟಿಯಲ್ಲಿದ್ದವರು ಅದನ್ನೇ ನೋಡಿ ಮತ್ತೆ ಕೊಡುತ್ತಾರೆ. ಆದ್ದರಿಂದ ಇಂಥವರ ಹಾಸಿಗೆಯ ತಲೆಯ ಬಳಿಯ ಚಾರ್ಟ್‌ನಲ್ಲಿ ಮೂರನೆಯ ದಿನದಿಂದ ಕೆಂಪು ಪೆನ್ನಿನಲ್ಲಿ "ಸ್ಕೋಲಿನ್ ಬೇಡ" ಎಂದು ಬರೆಸುತ್ತೇನೆ. ಬೇರೆ ಆಸ್ಪತ್ರೆಗೆ ಹೋಗುವಾಗ ಆ ಸಾಲು ರೆಫರಲ್ ಹಾಳೆಗೂ ಹೋಗಬೇಕು, ಕೊನೆಯ ನಿದ್ದೆಯ ಔಷಧ ಮತ್ತು ಕೊನೆಯ ರೋಕ್ಯುರೋನಿಯಂ ಕೊಟ್ಟ ಸಮಯದ ಪಕ್ಕದಲ್ಲೇ.